ಫಸ್ಟ್ ಪುಲ್ ಯಾರಿಗೆ?

ನಾನು ಪೆಥಾಲಜಿ ಕಲಿಯುವಾಗ ಎಎಂಎಲ್ (ವೇಗವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್) ಅಂದರೆ ಎಂ0ಯಿಂದ ಎಂ7ರವರೆಗೆ ಬಾಯಿಪಾಠ. ಸ್ಲೈಡ್ ನೋಡಿ ಎಫ್‌ಎಬಿ ಅನ್ನುವ ಆ ಹಳೆಯ ವರ್ಗೀಕರಣದ ಹೆಸರು ಹೇಳಿದರೆ ಮುಗಿಯಿತು. ಈಗ ಬಹುಪಾಲು ಹೆಸರು ಬರುವುದು ಜೀನ್‌ನಿಂದ. ಅದರ ಮೇಲೆ 2022ರಲ್ಲಿ ಡಬ್ಲ್ಯುಎಚ್‌ಒದ್ದು ಒಂದು, ತಜ್ಞರ ಒಮ್ಮತದ ಐಸಿಸಿಯದ್ದು ಒಂದು, ಎರಡು ವರ್ಗೀಕರಣ ಬಂದವು. ಹೇಳಿಕೊಳ್ಳುವಂಥ ಜೀನ್ ಬದಲಾವಣೆ ಇಲ್ಲ, ಮೂಳೆಯ ಮಜ್ಜೆಯಲ್ಲಿ ಬ್ಲಾಸ್ಟ್ (ಬಲಿಯದ ರಕ್ತಕಣ) 14 ಪರ್ಸೆಂಟ್ ಅಂದುಕೊಳ್ಳಿ. ಒಬ್ಬರು ಎಂಡಿಎಸ್ (ಮಜ್ಜೆ ಸರಿಯಾಗಿ ರಕ್ತಕಣ ಮಾಡದ ಕಾಯಿಲೆ) ಅನ್ನುತ್ತಾರೆ, ಇನ್ನೊಬ್ಬರು ಎಂಡಿಎಸ್/ಎಎಂಎಲ್. ನಾನು ರಿಪೋರ್ಟ್‌ನಲ್ಲಿ ಎರಡೂ ಬರೆದುಬಿಡುತ್ತೇನೆ.

ಹಳೆಯ ಎಂ3 ಮಾತ್ರ ಕಣ್ಣಿಗೆ ಬಿದ್ದ ತಕ್ಷಣ ಎದ್ದು ನಿಲ್ಲಿಸುತ್ತದೆ. ಸೌದೆ ಹೊರೆಯ ಹಾಗೆ ಔವರ್ ರಾಡ್‌ ಅನ್ನುವ ಕಡ್ಡಿಗಳು ತುಂಬಿದ ಒಂದು ಸೆಲ್ ಕಂಡರೂ ಸಾಕು, ಮೊದಲು ಫೋನ್. ಪಿಎಂಎಲ್-ರಾರಾ (ಎಂ3ರ ಜೀನ್ ಬದಲಾವಣೆ) ರಿಪೋರ್ಟ್‌ಗೆ ಕಾಯದೆ ಅಟ್ರಾ ಅನ್ನುವ ಔಷಧಿ ಶುರುಮಾಡಬೇಕು. ಮಿದುಳಿನಲ್ಲಿ ರಕ್ತಸ್ರಾವ ಆಗುವ ಭಯ ಇರುವುದು ಮೊದಲ ದಿನಗಳಲ್ಲೇ.

ನಾನು ಎಡವಿದ್ದು ಚಿಕಿತ್ಸೆಯ ನಂತರದ ಲೆಕ್ಕದಲ್ಲಿ. ಮಜ್ಜೆಯ ಬ್ಲಾಸ್ಟ್ 5 ಪರ್ಸೆಂಟ್‌ಗಿಂತ ಕಡಿಮೆ, ನ್ಯೂಟ್ರೋಫಿಲ್ ಕನಿಷ್ಠ 1,000, ಪ್ಲೇಟ್ಲೆಟ್ ಕನಿಷ್ಠ 1 ಲಕ್ಷ, ಬೇರೆಲ್ಲೂ ಕಾಯಿಲೆ ಇಲ್ಲ ಅಂದರೆ ಕಂಪ್ಲೀಟ್ ರೆಮಿಷನ್, ಕಾಯಿಲೆ ಪೂರ್ತಿ ಹಿಮ್ಮೆಟ್ಟಿದೆ ಅಂತ. ಅವತ್ತು 500 ಸೆಲ್ ಎಣಿಸಿದ್ದೆ, ಬ್ಲಾಸ್ಟ್ 2 ಪರ್ಸೆಂಟ್. ಫ್ಲೋದಲ್ಲಿ (ಸೆಲ್‌ಗಳನ್ನು ಲೇಸರ್‌ನಿಂದ ಗುರುತಿಸುವ ಪರೀಕ್ಷೆ) ಎಂಆರ್‌ಡಿ, ಅಂದರೆ ಅಳಿದುಳಿದ ಕ್ಯಾನ್ಸರ್ ಸೆಲ್, ನೆಗೆಟಿವ್. ಖುಷಿಯಿಂದ ಸಹಿ ಹಾಕಿದೆ. ಕೆಲವು ವಾರದ ಮೇಲೆ ಮತ್ತೆ ನೋಡಿದರೆ ಎಂಆರ್‌ಡಿ 0.8 ಪರ್ಸೆಂಟ್! ಫ್ಲೋದಲ್ಲಿ ಪಾಸಿಟಿವ್ ಅನ್ನುವ ಗೆರೆಯೇ 0.1.

ಹಳೆಯ ಫೈಲ್ ತೆಗೆದು ಕೂತೆ. ಆ ಟ್ಯೂಬ್‌ನಲ್ಲಿ ಬರೀ ನ್ಯೂಟ್ರೋಫಿಲ್, ಲಿಂಫೋಸೈಟ್. ಮಜ್ಜೆಯಲ್ಲಿ ಇರಬೇಕಾದ ಮಾಸ್ಟ್ ಸೆಲ್ ಇಲ್ಲ, ಕೆಂಪುಕಣದ ಮರಿಗಳು ಬೆರಳೆಣಿಕೆಯಷ್ಟು. ಅದು ಮಜ್ಜೆಯೇ ಅಲ್ಲ, ಮುಕ್ಕಾಲು ಪಾಲು ರಕ್ತ. ಸೂಜಿ ಹಾಕಿದವರು ಮೊದಲು ಎಳೆದದ್ದನ್ನು (ಫಸ್ಟ್ ಪುಲ್) ಸ್ಲೈಡ್‌ಗೆ ಕೊಟ್ಟು, ಮೂರನೇ ಸಲ ಎಳೆದದ್ದನ್ನು ಫ್ಲೋಗೆ ಕಳಿಸಿದ್ದರು. ಮತ್ತೆ ಮತ್ತೆ ಎಳೆದಷ್ಟೂ ರಕ್ತ ಬೆರೆಯುತ್ತದೆ. ಅವರದ್ದೇನು ತಪ್ಪು? ಹಾಗೇ ರೂಢಿ. ಸ್ಯಾಂಪಲ್ ನೋಡದೆ ನೆಗೆಟಿವ್ ಬರೆದದ್ದು ನಾನು.

ಈಗ ಎಂಆರ್‌ಡಿ ಟ್ಯೂಬ್ ಮೇಲೆ ಕೆಂಪು ಮಾರ್ಕರ್‌ನಿಂದ ‘1’ ಅಂತ ಬರೆದೇ ವಾರ್ಡ್‌ಗೆ ಕಳಿಸುತ್ತೇನೆ. ಸ್ಲೈಡ್‌ಗೆ ಒಂದೆರಡು ಹನಿ ಸಾಕಲ್ವಾ? ರಕ್ತ ಬೆರೆತಿದ್ದರೆ ನೆಗೆಟಿವ್ ಅನ್ನುವ ಪದವನ್ನೇ ಬಳಸುವುದಿಲ್ಲ. ‘ಸ್ಯಾಂಪಲ್ ಸಾಲದು, ಮತ್ತೆ ಕಳಿಸಿ’ ಅಂತ ಬರೆಯುತ್ತೇನೆ. ಆಗ ಬರುವ ಫೋನ್‌ಗಳಲ್ಲಿ ಬೈಗುಳವೇ ಜಾಸ್ತಿ.