ಕಡಲೆಕಾಯಿ ಪರಿಷೆ ಫೋಟೊ ಮತ್ತು ಸಿ ಪ್ರೋಗ್ರಾಂನ ಇಒಎಫ್

ಭಾನುವಾರ ಅಕ್ಕನ ಮಗಳು ಬಸವನಗುಡಿಯ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದು ಬಂದಳು. "ಮಾಮ, ನನ್ನ ಕಾಪಿ ಪ್ರೋಗ್ರಾಂಗೆ ಟೆಕ್ಸ್ಟ್ ಫೈಲ್ ಕೊಟ್ಟರೆ ಸರಿಯಾಗಿ ಬರುತ್ತೆ. ಫೋಟೊ ಕೊಟ್ಟರೆ ಸೊನ್ನೆ ಬೈಟ್." ಕೊಟ್ಟಿದ್ದು ಪರಿಷೆಯಲ್ಲಿ ತೆಗೆದ ಜೆಪೆಗ್. ಕೋಡ್ ತೆರೆಯುವ ಮೊದಲೇ ಗೊತ್ತಾಯಿತು: ಒಂದೊಂದೇ ಬೈಟ್ ಓದಿ ಕೊಡುವ ಗೆಟ್‌ಚಾರ್ ಕೊಟ್ಟದ್ದನ್ನು ಒಂದೇ ಬೈಟ್ ಹಿಡಿಸುವ ಚಾರ್‌ನಲ್ಲಿ ಇಟ್ಟಿದ್ದಾಳೆ.

ಅದನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಇಂಟ್‌ನಲ್ಲೇ ಇಡಬೇಕು. ಒಂದು ಬೈಟ್ ಅಂದರೆ 0ರಿಂದ 255ರವರೆಗಿನ ಸಂಖ್ಯೆ. ಇನ್‌ಪುಟ್ ಮುಗಿದರೆ ಬರುವುದು ಇಒಎಫ್ (ಎಂಡ್ ಆಫ್ ಫೈಲ್) ಎಂಬ ಗುರುತು, ಲಿನಕ್ಸ್‌ನಲ್ಲಿ -1. ಒಟ್ಟು 257 ಬಗೆಯ ಉತ್ತರ. ಚಾರ್‌ನಲ್ಲಿ ಹಿಡಿಸುವುದು 256. ಜೆಪೆಗ್ ಫೈಲಿನ ಮೊದಲ ಬೈಟೇ 255! ಅವಳ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಚಾರ್ ಸೈನ್ಡ್, ಅಂದರೆ ಅದರಲ್ಲಿ ಋಣ ಸಂಖ್ಯೆಗಳೂ ಇವೆ, ಹಾಗಾಗಿ 255 ಹೋಗಿ -1 ಆಯಿತು, ಲೂಪ್ ಅಲ್ಲೇ ನಿಂತಿತು. ಇದೇ ಕೋಡನ್ನು ನನ್ನ ರಾಸ್ಪ್‌ಬೆರಿ ಪೈಯಲ್ಲಿ ಓಡಿಸಿದರೆ ನಿಲ್ಲುವುದೇ ಇಲ್ಲ, ಅಲ್ಲಿ ಚಾರ್ ಅನ್‌ಸೈನ್ಡ್, ಎಂದೂ -1 ಆಗುವುದಿಲ್ಲ. ಯುಟಿಎಫ್-8 ಬರಹದಲ್ಲಿ 255 ಬರುವುದೇ ಇಲ್ಲ, ಅದಕ್ಕೇ ಟೆಕ್ಸ್ಟ್ ಫೈಲಿನಲ್ಲಿ ತಪ್ಪು ಕಾಣಲಿಲ್ಲ.

"ಎಫ್ಇಒಎಫ್ ಹಾಕಿದ್ರೆ ಆಗಲ್ವಾ?" ಅಂದಳು. ಫೈಲ್ ಮುಗಿಯಿತೇ ಎಂದು ಹೇಳುವ ಫಂಕ್ಷನ್ ಅದು. ಬೇಡ. ದರ್ಶಿನಿಯಲ್ಲಿ ಕೊನೆಯ ವಡೆ ಕೊಡುವಾಗ "ಖಾಲಿ" ಅನ್ನುವುದಿಲ್ಲ, ನೀವು ಇನ್ನೊಂದು ಕೇಳಿದಾಗಲೇ ಅನ್ನುತ್ತಾರೆ. ಎಫ್ಇಒಎಫ್ ಕೂಡ ಹಾಗೇ, ಓದಲು ಹೋಗಿ ಸೋತ ಮೇಲಷ್ಟೇ ಹೌದು ಅನ್ನುತ್ತದೆ. ಅದನ್ನು ನಂಬಿ ಲೂಪ್ ಬರೆದರೆ ಕಾಪಿಯ ಕೊನೆಗೆ 255 ಬೈಟ್ ಒಂದು ಜಾಸ್ತಿ ಸೇರುತ್ತದೆ. ಲೂಪ್ ಮುಗಿದ ಮೇಲೆ ದೋಷ ಬಂತೇ ಎಂದು ಎಫ್ಎರರ್ ಅನ್ನು ಮಾತ್ರ ಕೇಳಿ, ಏಕೆಂದರೆ ಓದುವಾಗ ದೋಷ ಬಂದರೂ ಸಿಗುವುದು ಇಒಎಫೇ.

ಕೀಬೋರ್ಡಿನಿಂದ ಕೊಡುವ ಇನ್‌ಪುಟ್ ಮುಗಿಸಲು ಸಾಲಿನ ಶುರುವಿನಲ್ಲಿ ಕಂಟ್ರೋಲ್-ಡಿ ಒತ್ತಿ. ಸಾಲಿನ ಮಧ್ಯೆ ಇದ್ದರೆ ಎರಡು ಸಲ. ವಿಂಡೋಸ್‌ನಲ್ಲಿ ಕಂಟ್ರೋಲ್-ಝಡ್, ಆಮೇಲೆ ಎಂಟರ್.

ಇಂಟ್ ಮಾಡಿ ಮತ್ತೆ ಓಡಿಸಿದೆವು:

./ಕಾಪಿ < ಪರಿಷೆ > ಹೊಸದು

ಇಲ್ಲಿ ಮೊದಲ ಚಿಹ್ನೆ ಪರಿಷೆ ಫೈಲಿನಿಂದ ಓದಿಸುತ್ತದೆ, ಎರಡನೆಯದು ಪ್ರೋಗ್ರಾಂ ಬರೆದದ್ದನ್ನು ಹೊಸದು ಫೈಲಿಗೆ ಕಳಿಸುತ್ತದೆ. ಫೋಟೊ ತೆರೆಯಿತು. ಆದರೆ ಸೈಜ್ 29 ಬೈಟ್ ಜಾಸ್ತಿ! ಇಂಟ್ ಮಾಡುವಾಗಲೇ ಅವಳು ಕೊನೆಯಲ್ಲಿ ಪ್ರಿಂಟ್ಎಫ್‌ನಿಂದ "ಕಾಪಿ ಆಯಿತು" ಅಂತ ಬರೆಸುವ ಸಾಲೂ ಸೇರಿಸಿದ್ದಳು. > ಹಾಕಿದ ಮೇಲೆ ಅದೂ ಫೈಲಿಗೇ ಹೋಯಿತು. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತ ಚಿಹ್ನೆಗೂ 3 ಬೈಟ್, ಅಂಥವು 9. ಜೊತೆಗೆ ಒಂದು ಸ್ಪೇಸ್, ಒಂದು ಹೊಸ ಸಾಲು. ಲೆಕ್ಕ ಕೂಡಿತು. ಇಂಥ ಮಾತುಗಳನ್ನು ಎಫ್‌ಪ್ರಿಂಟ್ಎಫ್‌ನಲ್ಲಿ, ಸಂದೇಶಗಳಿಗೆಂದೇ ಇರುವ ಬೇರೆ ದಾರಿ ಎಸ್‌ಟಿಡಿಇಆರ್‌ಆರ್‌ಗೆ ಕಳಿಸಿ. > ಅದನ್ನು ಮುಟ್ಟುವುದಿಲ್ಲ, ಪರದೆಯ ಮೇಲೇ ಕಾಣುತ್ತದೆ. ಬೇರೆ ಫೈಲಿಗೆ ಬೇಕಿದ್ದರೆ 2> ಇದೆ.

ಇನ್ನೊಂದು, ಇದು ಕೈ ಸುಟ್ಟುಕೊಂಡು ಕಲಿತದ್ದು. < ಮತ್ತು > ಎರಡಕ್ಕೂ ಒಂದೇ ಫೈಲ್ ಕೊಡಬೇಡಿ. ಪ್ರೋಗ್ರಾಂ ಶುರುವಾಗುವ ಮೊದಲೇ ಶೆಲ್ (ನಾವು ಟೈಪ್ ಮಾಡಿದ ಕಮಾಂಡ್ ಓಡಿಸುವುದು) ಆ ಫೈಲನ್ನು ಖಾಲಿ ಮಾಡಿರುತ್ತದೆ. ಹೀಗೇ ಒಮ್ಮೆ ನನ್ನ ಮನೆ ಖರ್ಚಿನ ಪೂರ್ತಿ ವರ್ಷದ ಲೆಕ್ಕ ಹೋಯಿತು.

ಕೊನೆಗೆ "ಕಾಪಿ ಆಯಿತು" ಅನ್ನು ಎಸ್‌ಟಿಡಿಇಆರ್‌ಆರ್‌ಗೆ ತಿರುಗಿಸಿ ಮತ್ತೆ ಕಾಪಿ ಮಾಡಿ, ಎರಡೂ ಫೋಟೊಗಳನ್ನು ಫೈಲುಗಳನ್ನು ಹೋಲಿಸುವ ಸಿಎಂಪಿ ಕಮಾಂಡಿಗೆ ಕೊಟ್ಟೆವು. ಅದು ಏನೂ ಹೇಳಲಿಲ್ಲ. "ಏನೂ ಬರ್ಲಿಲ್ವಲ್ಲ ಮಾಮ?" ಅಂದಳು. ಬರದಿದ್ದರೆ ಎರಡೂ ಒಂದೇ ಅಂತ.