ವರ್ಷದ ಖರ್ಚು ಎಷ್ಟು ಅಂತ ಗೊತ್ತಾದ ಮೇಲೆ

ಆರ್ಥಿಕ ಸ್ವಾತಂತ್ರ್ಯ, ಅಂದರೆ ಸಂಬಳವಿಲ್ಲದೆ ಕೂಡಿಟ್ಟ ದುಡ್ಡಿನಲ್ಲೇ ಬದುಕು ನಡೆಸುವುದು, ಅಂದ ಕೂಡಲೇ ಎಲ್ಲರೂ ಕೇಳುವುದು ‘ಎಷ್ಟು ದುಡ್ಡು ಬೇಕು?’ ಅಂತ. ನಾನು ಬೇರೆ ಪ್ರಶ್ನೆಯಿಂದ ಶುರು ಮಾಡಿದೆ. ನಮ್ಮ ಮನೆಗೆ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ? ಈ ಒಂದು ಅಂಕಿ ಕೈಗೆ ಸಿಕ್ಕಿದರೆ ಮಿಕ್ಕ ಲೆಕ್ಕವೆಲ್ಲ ಅದರ ಹಿಂದೆಯೇ ಬರುತ್ತದೆ.

ತಿಂಗಳ ಖರ್ಚನ್ನು ಯಾರು ಬೇಕಾದರೂ ಹೇಳುತ್ತಾರೆ. ಬಾಡಿಗೆ, ದಿನಸಿ, ಕರೆಂಟ್ ಬಿಲ್, ಸಾಲದ ಕಂತು. ಲೆಕ್ಕ ತಪ್ಪುವುದು ಯಾವಾಗಲೋ ಒಮ್ಮೆ ಬರುವ ಖರ್ಚುಗಳಲ್ಲಿ. ವಿಮೆಯ ಪ್ರೀಮಿಯಂ, ಶಾಲೆಯ ಫೀಸು, ಗಾಡಿಯ ಟೈರು, ಹಲ್ಲಿನ ಡಾಕ್ಟರು. ‘ಈ ತಿಂಗಳು ಮಾತ್ರ ಜಾಸ್ತಿ ಆಯ್ತು’ ಅಂದುಕೊಳ್ಳುತ್ತೇವೆ. ಆದರೆ ಹಾಗನ್ನದ ತಿಂಗಳೇ ಇರುವುದಿಲ್ಲ, ಅಲ್ವಾ?

ನನ್ನ ಲೆಕ್ಕದ ಶೀಟಿನಲ್ಲಿ ದಿನಾಂಕ, ಮೊತ್ತ, ಯಾತಕ್ಕೆ ಅನ್ನುವ ಮೂರು ಕಾಲಂ ಎಲ್ಲರ ಹಾಗೇ ಇವೆ. ನಾಲ್ಕನೆಯದು ‘ಮತ್ತೆ ಯಾವಾಗ?’ ಅಂತ. ಫೋನು ಕೊಂಡಾಗ ಅಲ್ಲಿ ‘4 ವರ್ಷ’ ಅಂತ ಬರೆಯುತ್ತೇನೆ. ಅಂದರೆ ಅದರ ಬೆಲೆಯ ಕಾಲು ಭಾಗ ಪ್ರತಿ ವರ್ಷದ ಖರ್ಚಿಗೆ ಸೇರಿತು. ಹಾಸಿಗೆಗೆ ‘10 ವರ್ಷ’. ಹೀಗೆ ಎಲ್ಲವನ್ನೂ ಕೂಡಿ 12ರಿಂದ ಭಾಗಿಸಿ, ಅಷ್ಟು ಮೊತ್ತವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಕಳಿಸುತ್ತೇನೆ. ಪ್ರೀಮಿಯಂ ಕಟ್ಟುವ ದಿನ ಬಂದರೆ ದುಡ್ಡು ಆಗಲೇ ಅಲ್ಲಿರುತ್ತದೆ. ಇಡೀ ಪ್ರಯತ್ನದಲ್ಲಿ ಮನೆಯವರಿಗೆಲ್ಲ ನೆಮ್ಮದಿ ಕೊಟ್ಟ ಕೆಲಸ ಇದೇ.

ವರ್ಷದ ಖರ್ಚು ಯಾಕೆ ಅಷ್ಟು ಮುಖ್ಯ ಅಂದರೆ, ಅದು ಎರಡು ಕಡೆ ಕೆಲಸ ಮಾಡುತ್ತದೆ. ಖರ್ಚು ಇಳಿದರೆ ಉಳಿತಾಯ ಹೆಚ್ಚುತ್ತದೆ, ಮುಟ್ಟಬೇಕಾದ ಗುರಿಯೂ ಚಿಕ್ಕದಾಗುತ್ತದೆ. ವರ್ಷದ ಖರ್ಚಿನ 25 ಪಟ್ಟು ಕೂಡಿಡಬೇಕು ಅಂತ ಇಟ್ಟುಕೊಳ್ಳಿ. ಹಣದುಬ್ಬರ ಕಳೆದು ಹೂಡಿಕೆ ವರ್ಷಕ್ಕೆ 5% ಬೆಳೆದರೆ, ಆದಾಯದ 10% ಉಳಿಸುವವರಿಗೆ ಸೊನ್ನೆಯಿಂದ ಅಲ್ಲಿಗೆ ಮುಟ್ಟಲು ಸುಮಾರು 51 ವರ್ಷ ಬೇಕು. 25% ಉಳಿಸಿದರೆ 32 ವರ್ಷ. ಅರ್ಧ ಉಳಿಸಿದರೆ 17 ವರ್ಷ ಸಾಕು. ಸಂಬಳ ಎಷ್ಟು ಅನ್ನುವುದು ಈ ಲೆಕ್ಕದಲ್ಲಿ ನೇರವಾಗಿ ಬರುವುದೇ ಇಲ್ಲ. ಹಾಗಂತ ಕಡಿಮೆ ಸಂಬಳದಲ್ಲಿ ಅರ್ಧ ಉಳಿಸುವುದು ಸುಲಭ ಅಂತ ನಾನು ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಕತ್ತರಿಸಲು ಏನೂ ಉಳಿದಿರುವುದಿಲ್ಲ. ಅಂಥ ಕಡೆ ಆದಾಯ ಹೆಚ್ಚಿಸುವುದೇ ಮೊದಲ ಕೆಲಸ.

25 ಪಟ್ಟು ಅನ್ನುವುದು ಎಲ್ಲಿಂದ ಬಂತು? 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅಲ್ಲಿನ ಷೇರು ಮತ್ತು ಬಾಂಡ್‌ಗಳ (ಬಡ್ಡಿ ಕೊಡುವ ಸಾಲಪತ್ರ) ಹಳೆಯ ದಾಖಲೆ ತೆಗೆದು ಲೆಕ್ಕ ಹಾಕಿದರು. ಮೊದಲ ವರ್ಷ ಕೂಡಿಟ್ಟ ಗಂಟಿನ 4% ತೆಗೆದು, ಆಮೇಲೆ ಹಣದುಬ್ಬರಕ್ಕೆ ತಕ್ಕಂತೆ ಹೆಚ್ಚಿಸುತ್ತಾ ಹೋದರೂ 30 ವರ್ಷ ದುಡ್ಡು ಬಾಳುತ್ತಿತ್ತು ಅಂತ ಅವರಿಗೆ ಕಂಡಿತು. ವರ್ಷದ ಖರ್ಚು ಗಂಟಿನ 4% ಅಂದರೆ, ಗಂಟು ಖರ್ಚಿನ 25 ಪಟ್ಟು. ಆದರೆ ಇದು ಒಂದೇ ದೇಶದ ಮಾರುಕಟ್ಟೆಯ ಲೆಕ್ಕ, ಅದೂ 30 ವರ್ಷಕ್ಕೆ. ಬೇಗ ಕೆಲಸ ಬಿಡಬೇಕು ಅನ್ನುವವರಿಗೆ 40–50 ವರ್ಷ ಸಾಲಬೇಕು. ಅದಕ್ಕೇ ನಾನು 30 ಪಟ್ಟು ಇಟ್ಟುಕೊಂಡೆ.

ಈ 30 ಪಟ್ಟಿನ ಲೆಕ್ಕ ನನ್ನ ಖರೀದಿಯನ್ನೇ ಬದಲಾಯಿಸಿತು. ತಿಂಗಳಿಗೆ 1,000ದ ಒಂದು ಕಾಯಂ ಖರ್ಚು ಅಂದರೆ ವರ್ಷಕ್ಕೆ 12,000. ಅದನ್ನು ಹೊರಲು ಬೇಕಾದ ಗಂಟು 3,60,000! ಹಾಗಾಗಿ ನಾನು ಗಮನ ಕೊಟ್ಟದ್ದು ದೊಡ್ಡ ಕಾಯಂ ಖರ್ಚುಗಳಿಗೆ. ಎಷ್ಟು ದೊಡ್ಡ ಮನೆ, ಎಂಥ ಗಾಡಿ, ಎಷ್ಟು ಸಾಲ. ದಿನಕ್ಕೊಂದು ಕಾಫಿ ಬಿಡಿ ಅನ್ನುವ ಸಲಹೆ ನನಗೆ ಇಷ್ಟವಿಲ್ಲ. ಸಣ್ಣ ಖುಷಿಗಳನ್ನು ಕಿತ್ತುಕೊಂಡ ಬಜೆಟ್ ಯಾವ ಮನೆಯಲ್ಲೂ ಹೆಚ್ಚು ದಿನ ನಡೆಯುವುದಿಲ್ಲ.

ಸಾಲದ ವಿಷಯದಲ್ಲಿ ಬಡ್ಡಿ ಜಾಸ್ತಿ ಇರುವುದನ್ನು ಮೊದಲು ತೀರಿಸಿದೆ. ಕೆಲವರು ಧೈರ್ಯ ಬರಲಿ ಅಂತ ಚಿಕ್ಕ ಸಾಲದಿಂದ ಶುರು ಮಾಡುತ್ತಾರೆ, ಅದೂ ಸರಿಯೇ. ಆದರೆ ಕ್ರೆಡಿಟ್ ಕಾರ್ಡ್ ಬಾಕಿ ಮಾತ್ರ ಕಾಯಬಾರದು. ತಿಂಗಳಿಗೆ 3% ಅಂದರೆ ಚಕ್ರಬಡ್ಡಿ ಸೇರಿ ವರ್ಷಕ್ಕೆ 42% ದಾಟುತ್ತದೆ. ಅಷ್ಟು ಲಾಭವನ್ನು ವರ್ಷ ವರ್ಷವೂ ಖಾತ್ರಿಯಾಗಿ ಕೊಡುವ ಹೂಡಿಕೆ ಎಲ್ಲೂ ಇಲ್ಲ.

ಆರು ತಿಂಗಳ ಖರ್ಚಿನಷ್ಟು ತುರ್ತು ನಿಧಿ, ಆರೋಗ್ಯ ವಿಮೆ, ನನ್ನ ದುಡಿಮೆಯನ್ನೇ ನಂಬಿದವರಿಗಾಗಿ ಟರ್ಮ್ ಇನ್ಶೂರೆನ್ಸ್ (ಅವಧಿಯೊಳಗೆ ನಾನು ತೀರಿಕೊಂಡರೆ ಅವರಿಗೆ ದುಡ್ಡು ಕೊಡುವ ವಿಮೆ). ಇಷ್ಟಾದ ಮೇಲೆಯೇ ಹೂಡಿಕೆ.

ಹೂಡಿಕೆಗೆ ನಾನು ಆರಿಸಿದ್ದು ಇಂಡೆಕ್ಸ್ ಫಂಡ್. ಮಾರುಕಟ್ಟೆ ಸೂಚ್ಯಂಕದಲ್ಲಿರುವ ಕಂಪನಿಗಳ ಷೇರುಗಳನ್ನು ಒಟ್ಟಾಗಿ ಕೊಳ್ಳುವ ಫಂಡ್ ಇದು. 1976ರಲ್ಲಿ ಜಾನ್ ಬೋಗಲ್ ಕಟ್ಟಿದ ಅಮೆರಿಕದ ಹೂಡಿಕೆ ಕಂಪನಿ ವ್ಯಾನ್‌ಗಾರ್ಡ್ ಇದನ್ನು ಸಾಮಾನ್ಯ ಹೂಡಿಕೆದಾರರಿಗೆ ತೆರೆಯಿತು. ನನ್ನನ್ನು ಒಪ್ಪಿಸಿದ್ದು ಅದರ ಕಡಿಮೆ ಶುಲ್ಕ. ವರ್ಷಕ್ಕೆ 7% ಬೆಳೆಯುವ ದುಡ್ಡಿನಲ್ಲಿ ಪ್ರತಿ ವರ್ಷ 1% ಶುಲ್ಕಕ್ಕೆ ಹೋಗಿ 6% ಉಳಿದರೆ, 30 ವರ್ಷದ ಕೊನೆಗೆ ಕೈಗೆ ಬರುವ ಮೊತ್ತ ಸುಮಾರು ಕಾಲು ಭಾಗ ಕಡಿಮೆ. ಈ ಲೆಕ್ಕವನ್ನು ಒಮ್ಮೆ ನೀವೇ ಹಾಕಿ ನೋಡಿ. ಸುಮ್ನೆ ‘ಒಂದು ಪರ್ಸೆಂಟ್ ತಾನೇ’ ಅನ್ನಲು ಮನಸ್ಸೇ ಬರುವುದಿಲ್ಲ. ಹೂಡಿಕೆಯ ದುಡ್ಡೂ ಸಂಬಳದ ದಿನವೇ ತಾನಾಗಿ ಹೋಗುತ್ತದೆ. ಸಂಬಳ ಏರಿದಾಗ ಏರಿದ್ದರಲ್ಲಿ ಅರ್ಧ ಹೂಡಿಕೆಗೆ, ಅರ್ಧ ಮನೆಗೆ.

ಗುರಿ ಹತ್ತಿರವಾದಂತೆ ಯೋಚನೆ ಸ್ವಲ್ಪ ಬದಲಾಗಿದೆ. ಕೆಲಸ ಬಿಟ್ಟ ಮೊದಲ ವರ್ಷಗಳಲ್ಲೇ ಮಾರುಕಟ್ಟೆ ಬಿದ್ದರೆ, ಬಿದ್ದ ಬೆಲೆಗೆ ಷೇರು ಮಾರಿ ಮನೆ ನಡೆಸಬೇಕಾಗುತ್ತದೆ. ಹಾಗೆ ಕರಗಿದ ಗಂಟು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಅದಕ್ಕೆ ಮೂರು ವರ್ಷದ ಖರ್ಚನ್ನು ಠೇವಣಿ ಮತ್ತು ಬಾಂಡ್‌ಗಳಿಗೆ ಸರಿಸುತ್ತಿದ್ದೇನೆ. ಎಲ್ಲವನ್ನೂ ಅಲ್ಲಿಗೇ ಹಾಕಿ ಹಾಯಾಗಿರು ಅನ್ನುವವರಿದ್ದಾರೆ. ಆದರೆ 6% ಹಣದುಬ್ಬರದಲ್ಲಿ 12 ವರ್ಷಕ್ಕೆ ಖರ್ಚು ಎರಡರಷ್ಟಾಗುತ್ತದೆ. ಆದ್ದರಿಂದ ಮಿಕ್ಕಿದ್ದು ಷೇರಿನಲ್ಲೇ ಇರಲಿ ಅಂತ ಬಿಟ್ಟಿದ್ದೇನೆ.