ಮೋಡ ಕವಿದ ದಿನ ಯುವಿ ಎಷ್ಟಿದೆ? ಅಂದಾಜು ಮಾಡುವುದು ಹೀಗೆ

ಆಗಸ್ಟ್ ಮಧ್ಯಾಹ್ನ ‘ಬಿಸಿಲೇ ಇಲ್ಲವಲ್ಲ’ ಎಂದು ಬರಿತಲೆಯಲ್ಲಿ ಮೈದಾನದಲ್ಲಿ ಕೂರುವವರು ಸಂಜೆ ಮೂಗು, ಕತ್ತು ಉರಿಯುತ್ತಿದೆ ಎಂದು ಗೊಣಗುವುದನ್ನು ಪ್ರತಿ ಮಳೆಗಾಲವೂ ನೋಡುತ್ತೇನೆ. ಮೈಗೆ ತಟ್ಟುವ ಬಿಸಿಯೇ ಬೇರೆ, ಚರ್ಮ ಸುಡುವ ನೇರಳಾತೀತ (ಯುವಿ) ಕಿರಣವೇ ಬೇರೆ. ಬಿಸಿ ಹೊತ್ತು ತರುವ ಅತಿಗೆಂಪು ಕಿರಣಗಳನ್ನು ಮೋಡದ ನೀರು ಚೆನ್ನಾಗಿ ಹೀರುತ್ತದೆ. ಯುವಿಯನ್ನು ಹೀರುವುದು ತೀರಾ ಕಡಿಮೆ, ಚೆದುರಿಸುತ್ತದೆ ಅಷ್ಟೆ. ಹಾಗಾಗಿ ತಂಪಾಗಿದೆ ಎಂಬುದನ್ನು ಮೊದಲು ಲೆಕ್ಕದಿಂದ ತೆಗೆಯಿರಿ.

ಹಂತ 1: ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಸೂಚ್ಯಂಕ, ಅಂದರೆ ಚರ್ಮ ಸುಡುವ ಯುವಿ ಎಷ್ಟು ತೀವ್ರ ಎಂದು ಹೇಳುವ ಅಂಕಿ, ನೋಡಿ. 3ರಿಂದ ಎಚ್ಚರಿಕೆ ಬೇಕು, 8ರಿಂದ ಅತಿ ಹೆಚ್ಚು, 11ರಿಂದ ಮೇಲೆ ವಿಪರೀತ. ಕ್ಯಾಮೆರಾದಿಂದಲೇ ಯುವಿ ಅಳೆದು ಕೊಡುತ್ತೇವೆ ಎನ್ನುವ ಆ್ಯಪ್ ಇದ್ದರೆ ಅಳಿಸಿಹಾಕಿ.

ಹಂತ 2: ಗಡಿಯಾರ ನೋಡಿ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಿಯಾಗಿ 12ಕ್ಕಲ್ಲ, ಏಪ್ರಿಲ್‌ನಲ್ಲಿ 12.20ರ ಸುಮಾರಿಗೆ. ವರ್ಷದಲ್ಲಿ ಎರಡು ಸಲ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರ, ಅವನು ಇಲ್ಲಿ ನಡುನೆತ್ತಿಯ ಮೇಲೇ ನಿಲ್ಲುತ್ತಾನೆ. ಎರಡನೆಯದು ಮೋಡದ ಹಿಂದೆ ನಡೆದುಹೋಗುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ.

ಹಂತ 3: ಈಗ ಆಕಾಶ ನೋಡಿ. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಮೋಡ ಎಷ್ಟಿದೆ ಎಂಬುದಕ್ಕಿಂತ ಎಂಥ ಮೋಡ, ಎಲ್ಲಿದೆ ಎಂಬುದು ಮುಖ್ಯ. ಎತ್ತರದಲ್ಲಿ ಹಿಂಜಿದ ಹತ್ತಿಯಂತೆ ಹರಡಿದ ತೆಳು ಮೋಡದಲ್ಲಿ ಶೇ 90ಕ್ಕೂ ಹೆಚ್ಚು ಯುವಿ ತೂರಿ ಬರುತ್ತದೆ. ಅದನ್ನು ಮೋಡವೆಂದೇ ಎಣಿಸಬೇಡಿ. ಉಳಿದವಕ್ಕೆ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಬಳಸುವ ಅಂಕಿ ಸಾಕು: ಅಲ್ಲಲ್ಲಿ ಮೋಡವಿದ್ದರೆ ಶೇ 89, ಬಹುಪಾಲು ಮುಚ್ಚಿ ನಡುನಡುವೆ ನೀಲಿ ಕಂಡರೆ ಶೇ 73, ಪೂರ್ತಿ ಮುಸುಕಿದ್ದರೆ ಶೇ 31 ನೆಲ ಮುಟ್ಟುತ್ತದೆ. ಮೋಡವಿಲ್ಲದಿದ್ದರೆ ಸೂಚ್ಯಂಕ 12 ಇರಬೇಕಾದ ದಿನ ಎಂದುಕೊಳ್ಳಿ. ನೀಲಿ ಇಣುಕುತ್ತಿದ್ದರೆ 9ರ ಹತ್ತಿರ. ಪೂರ್ತಿ ಮುಸುಕಿದರೂ 4ರ ಹತ್ತಿರ, ಅಂದರೆ ಎಚ್ಚರಿಕೆಯ ಗೆರೆಯ ಮೇಲೆಯೇ. ಆ್ಯಪ್ ತಾನೇ ಮೋಡವನ್ನು ಕಳೆದು ತೋರಿಸುತ್ತಿದ್ದರೆ ಮತ್ತೊಮ್ಮೆ ಕಳೆಯಬೇಡಿ. ಈ ತಪ್ಪು ಬಹಳ ಸಾಮಾನ್ಯ.

ಇನ್ನೊಂದು ಮೋಸವಿದೆ. ದೊಡ್ಡ ಬಿಳಿ ಮೋಡಗಳು ಸುತ್ತ ನಿಂತು, ಸೂರ್ಯ ಮಾತ್ರ ತೆರವಾಗಿದ್ದರೆ, ಮೋಡದ ಪಕ್ಕೆಗಳಿಗೆ ಬಡಿದು ಚೆದುರಿದ ಕಿರಣವೂ ನೇರ ಬಿಸಿಲಿನ ಜೊತೆ ಸೇರಿಕೊಳ್ಳುತ್ತದೆ. ಆ ಕೆಲವು ನಿಮಿಷ ನೆಲದ ಮೇಲಿನ ಯುವಿ ಶುಭ್ರ ಆಕಾಶದ ದಿನಕ್ಕಿಂತ ಹೆಚ್ಚಾಗಬಹುದು. ಮಳೆ ಸುರಿಸುವ ದಟ್ಟ ಕಪ್ಪು ಮೋಡ ಮಾತ್ರ ನಂಬಿಕೆಗೆ ಯೋಗ್ಯ, ಅದೂ ಸರಿದುಹೋಗುವವರೆಗೆ.

ಹಂತ 4: ಓಝೋನ್, ಅಂದರೆ ಆಕಾಶದ ಎತ್ತರದಲ್ಲಿ ಯುವಿಯನ್ನು ಹೀರುವ ಅನಿಲ. ‘ಓಝೋನ್ ಪದರಕ್ಕೆ ತೂತು ಬಿದ್ದಿದೆ, ಅದಕ್ಕೇ ನಮ್ಮಲ್ಲಿ ಇಷ್ಟು ಬಿಸಿಲು’ ಎನ್ನುವವರನ್ನು ತಿದ್ದಿ. 1985ರಲ್ಲಿ ವರದಿಯಾದ ಆ ರಂಧ್ರ ಇರುವುದು ಅಂಟಾರ್ಕ್ಟಿಕಾದ ಮೇಲೆ. ಉಷ್ಣವಲಯದಲ್ಲಿ ಓಝೋನ್ ಸ್ವಭಾವತಃ ತೆಳು, ಸೂರ್ಯ ನೆತ್ತಿಯ ಮೇಲೆ. ನಮ್ಮ ಯುವಿಗೆ ಇವೆರಡೇ ಕಾರಣ. ಓಝೋನ್ ಶೇ 1ರಷ್ಟು ಕುಸಿದರೆ ಚರ್ಮ ಸುಡುವ ಯುವಿ ಶೇ 1ಕ್ಕಿಂತ ತುಸು ಹೆಚ್ಚು ಏರುತ್ತದೆ. ನಮ್ಮಲ್ಲಿ ದಿನದಿಂದ ದಿನಕ್ಕೆ ಆಗುವ ಏರಿಳಿತ ಚಿಕ್ಕದು, ಆ್ಯಪ್ ಅದನ್ನು ಸೇರಿಸಿಯೇ ಲೆಕ್ಕ ಹಾಕಿರುತ್ತದೆ. ಕೆನಡಾ, ನ್ಯೂಜಿಲೆಂಡ್‌ನಲ್ಲಿರುವ ಕನ್ನಡಿಗರಿಗೆ ಈ ಮಾತು ಅನ್ವಯಿಸದು. ಅಲ್ಲಿ ಏರಿಳಿತ ದೊಡ್ಡದು, ದಿನವೂ ಮುನ್ಸೂಚನೆ ನೋಡಬೇಕು.

ಹಂತ 5: ಬೆಟ್ಟ ಹತ್ತುವುದಿದ್ದರೆ ಪ್ರತಿ 1000 ಮೀಟರಿಗೆ ಸುಮಾರು ಶೇ 10 ಕೂಡಿಸಿ.

ಹಂತ 6: ಲೆಕ್ಕ 3 ದಾಟಿದರೆ ಛತ್ರಿ, ಅಗಲ ಅಂಚಿನ ಟೋಪಿ, ತುಂಬುತೋಳು. ನನ್ನ ಪ್ರಕಾರ ಬಟ್ಟೆ ಮೊದಲು, ಕ್ರೀಮ್ ಆಮೇಲೆ. ಎಸ್‌ಪಿಎಫ್ (ಕ್ರೀಮ್ ಬಿಸಿಲಿನಿಂದ ಎಷ್ಟು ಕಾಪಾಡುತ್ತದೆ ಎಂಬ ಅಂಕ) 30 ಸುಡುವ ಕಿರಣಗಳಲ್ಲಿ ಶೇ 97 ತಡೆದರೆ 50 ತಡೆಯುವುದು ಶೇ 98. ಆ ಒಂದು ಅಂಶಕ್ಕೆ ದುಪ್ಪಟ್ಟು ದುಡ್ಡು ಕೊಡುವ ಬದಲು 30ನ್ನೇ ಧಾರಾಳವಾಗಿ ಬಳಿದು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ರಸ್ತೆಬದಿಯ ಅಗ್ಗದ ಕಪ್ಪು ಕನ್ನಡಕ ಬೇಡವೇ ಬೇಡ. ಯುವಿ ತಡೆಯದ ಕಪ್ಪು ಗಾಜಿನ ಹಿಂದೆ ಪಾಪೆ ಅಗಲವಾಗಿ ತೆರೆದುಕೊಂಡು ಕಿರಣ ಇನ್ನಷ್ಟು ಒಳಗೆ ಹೋಗುತ್ತದೆ. ಯುವಿ ತಡೆಯುತ್ತದೆ ಎಂಬ ಗುರುತಾಗಿ ‘ಯುವಿ 400’ ಎಂದು ನಮೂದಿಸಿರುವುದನ್ನು ನಂಬಿಕೆಯ ಕನ್ನಡಕದ ಅಂಗಡಿಯಲ್ಲೇ ಕೊಳ್ಳಿ.